ಸುಧಾಳ ಕಣ್ಣಿನ ಹನುಮಂತ

ಆ ಮಧ್ಯಾಹ್ನ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನ ಮನೆಯಲ್ಲಿ ಇದ್ದವರು ನಾಲ್ಕೇ ಜನ. ನನ್ನ ಅಜ್ಜಿ, ಏಳು ತಿಂಗಳ ಬಸುರಿ ಚಿಕ್ಕಮ್ಮ, ಚಿಕ್ಕಮ್ಮನ ಮಗಳು ಏಳು ವರ್ಷದ ಸುಧಾ, ಹನ್ನೊಂದು ವರ್ಷದ ನಾನು. ನಾಲ್ವರಲ್ಲಿ ಸುಳ್ಳು ಹೇಳಿದವಳು ನಾನು. ಅದಕ್ಕೆ ಕಣ್ಣು ತೆತ್ತವಳು ಸುಧಾ. ಬೈಸಿಕೊಂಡವಳು ಅಜ್ಜಿ. ನಲವತ್ತು ವರ್ಷಗಳ ಮೇಲಾಯಿತು — ಇದನ್ನು ನಾನು ನನ್ನ ಗಂಡನ ಮುಂದೆಯೂ ಹೇಳಿಲ್ಲ.

ಅಂದು ಸೂರ್ಯಗ್ರಹಣ. ಚಿಕ್ಕಪ್ಪ ಕಾರ್ಖಾನೆಗೆ ಹೋಗಿದ್ದರು. ಗ್ರಹಣವೆಂದು ಕುಲುಮೆ ಆರಿಸುವವರು ಯಾರು? ಬಸುರಿ ಹೆಂಡತಿಯ ಜೊತೆಗಿರಲಿ ಎಂದು ಶಿವಮೊಗ್ಗದಿಂದ ಅಜ್ಜಿಯನ್ನು ಕರೆಸಿದ್ದರು, ಅಜ್ಜಿಯ ಸೆರಗು ಹಿಡಿದು ನಾನೂ ಬಂದಿದ್ದೆ. ನೀರಿನ ಕೊಡ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ದರ್ಭೆ ಕೂತಿತ್ತು. ಒಲೆ ಹಚ್ಚುವಂತಿಲ್ಲ, ಮೋಕ್ಷವಾಗುವವರೆಗೆ ತಿನ್ನುವಂತಿಲ್ಲ. ಹಸಿವು, ಹಸಿವು ಎಂದು ನಾವಿಬ್ಬರೂ ರಾಗ ತೆಗೆದೆವು.

"ಹಸಿವು ಅಂದ್ರೆ ಅದು ಹನುಮಂತನ ಹಸಿವು ಕಣ್ರೇ," ಅಂದಳು ಅಜ್ಜಿ. "ನಿಮ್ದೇನು? ಬೆಳಿಗ್ಗೆ ಎದ್ದೋರೇ ಮೂರ್ ಮೂರ್ ದೋಸೆ ನುಂಗಿದೋರು!"

ಹಾಗೆ ಶುರುವಾಯಿತು ಕಥೆ. ಅಂಜನಾದೇವಿ ಹಣ್ಣು ತರಲು ಕಾಡಿಗೆ ಹೋದದ್ದು, ತೊಟ್ಟಿಲ ಕೂಸು ಕೆಂಪು ಸೂರ್ಯನನ್ನು ಕಂಡು ಹಣ್ಣೆಂದು ನೆಗೆದದ್ದು. ಅದೇ ದಿನ ಸೂರ್ಯನನ್ನು ಹಿಡಿಯಲು ರಾಹು ಬಂದಿದ್ದ — ಅಂದೂ ಗ್ರಹಣ. ಕೂಸು ರಾಹುವನ್ನೂ ಬಿಡಲಿಲ್ಲ, ಅದೂ ಒಂದು ಹಣ್ಣೆಂದು ಅವನ ಮೇಲೇ ಹಾರಿತು. ರಾಹು ಅಳುತ್ತಾ ಇಂದ್ರನ ಹತ್ತಿರ ಓಡಿದ್ದನ್ನು ಅಜ್ಜಿ ಮೂಗು ಸೊರಸೊರ ಎಳೆದು ತೋರಿಸುತ್ತಿದ್ದಳು. ಸುಧಾ ಅವಳ ತೊಡೆಯ ಮೇಲೆ ಕೂತು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

"ಅಜ್ಜೀ, ಇವತ್ತೂ ಬರ್ತಾನಾ ಹನುಮಂತ?"

"ಬಂದ್ರೂ ನಾವು ನೋಡೋ ಹಾಗಿಲ್ಲ ಮಾರಾಯ್ತಿ. ಕಣ್ಣು ಹೋಗುತ್ತೆ. ಬಾಗ್ಲು ಹಾಕ್ಕೊಂಡು ರಾಮ ರಾಮ ಅಂತ ಕೂತ್ಕೊಳ್ಳೋದು, ಅಷ್ಟೇ."

ಇದನ್ನು ಅಜ್ಜಿ ಹೇಳಿದ್ದಳು. ನನ್ನ ಕಿವಿಯಾರೆ ಕೇಳಿದ್ದೇನೆ. ದಯವಿಟ್ಟು ನೀವು ಇದೊಂದನ್ನು ಮರೆಯಬೇಡಿ.

ಸ್ಪರ್ಶಕಾಲಕ್ಕೆ ಅಜ್ಜಿ ಚಿಕ್ಕಮ್ಮನನ್ನು ಒಳಕೋಣೆಗೆ ಕರೆದೊಯ್ದು, ಕಿಟಕಿಯ ಸಂದಿಗೂ ಬಟ್ಟೆ ತುರುಕಿ ಬಾಗಿಲು ಹಾಕಿಕೊಂಡಳು. ಬಸುರಿಯ ಮೇಲೆ ಗ್ರಹಣದ ನೆರಳು ಬೀಳಬಾರದು. ನಾವು ನಡುಮನೆಯಲ್ಲಿ ಅಲುಗಾಡದೆ ಕೂತಿರಬೇಕೆಂದು ಅಪ್ಪಣೆಯಾಯಿತು. ಸ್ವಲ್ಪ ಹೊತ್ತಿಗೆ ಬೆಳಕು ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲ. ಕಾಗೆಗಳು ನಡುಮಧ್ಯಾಹ್ನ ಮರಕ್ಕೆ ಬಂದು ಕೂತವು, ಆದರೆ ಕೂಗಲಿಲ್ಲ.

ನನಗೊಂದು ಹೊಟ್ಟೆಕಿಚ್ಚು ಇತ್ತು — ಅಜ್ಜಿಯ ಕಥೆಗೆ ಅರಳಿದಷ್ಟು ಸುಧಾಳ ಕಣ್ಣು ನನ್ನ ಕಥೆಗೆ ಅರಳುತ್ತಿರಲಿಲ್ಲ. "ನೀನ್ ಹೇಳೋದು ಚೆನ್ನಾಗಿರಲ್ಲ ಅಕ್ಕಾ, ಅಜ್ಜಿದೇ ಚೆನ್ನಾಗಿರೋದು" ಎಂದು ಹಿಂದಿನ ದಿನವೇ ಮುಖಕ್ಕೆ ಹೇಳಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಕಥೇಲಿ ಒಂದು ವಿಷಯ ಬಾಕಿ ಇದೆ ಕಣೇ. ಅಜ್ಜಿ ಚಿಕ್ಕೋರಿಗೆ ಹೇಳಲ್ಲ, ನಂಗೊಬ್ಳಿಗೇ ಗುಟ್ಟಾಗಿ ಹೇಳಿದ್ದು. ಗ್ರಹಣದ್ ದಿನ ರೆಪ್ಪೆ ಬಡೀದೆ ಸೂರ್ಯನ್ನ ನೋಡಿದ್ರೆ ಹನುಮಂತ ಕಾಣ್ತಾನೆ."

ಅರಳಿತು ಕಣ್ಣು. ಹಿಂದೆಂದೂ ಹಾಗೆ ಅರಳಿರಲಿಲ್ಲ.

ಹಿತ್ತಲ ಬಾಗಿಲ ಅಗಳಿ ತೆಗೆದವಳು ನಾನು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ನಿಲ್ಲಿಸಿದೆ. ಅವಳು ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ನೋಡತೊಡಗಿದಳು. ನೀರು ಸುರಿಯುತ್ತಿತ್ತು. "ಉರೀತಿದೆ ಅಕ್ಕಾ" ಅಂದಳು. "ರೆಪ್ಪೆ ಮುಚ್ಬೇಡ, ಈಗ ಬರ್ತಾನೆ" ಅಂದೆ. ಆಗ ನಾನು ನೆಲ ನೋಡುತ್ತಿದ್ದೆ. ಕಣ್ಣು ಹೋಗುತ್ತದೆ ಎಂಬ ಅಜ್ಜಿಯ ಮಾತನ್ನು ನಾನು ನಂಬಿದ್ದೆ. ನಂಬಿದ್ದರಿಂದಲೇ ನಾನು ನೋಡಲಿಲ್ಲ. ಅವಳನ್ನು ನೋಡಿಸಿದೆ.

"ಕಂಡ ಅಕ್ಕಾ! ಕಪ್ಪಗೆ ಕೂತಿದಾನೆ!" ಎಂದು ಚಪ್ಪಾಳೆ ತಟ್ಟಿದಳು.

ಮೋಕ್ಷವಾಯಿತು, ಸ್ನಾನವಾಯಿತು, ಅಜ್ಜಿ ಬಿಸಿ ಅನ್ನ ಬಡಿಸಿದಳು. ಸುಧಾ ತಟ್ಟೆಯನ್ನೇ ನೋಡುತ್ತಾ ನಗುತ್ತಿದ್ದಳು. ನನ್ನ ಕಡೆ ವಾಲಿ ಪಿಸುಗುಟ್ಟಿದಳು: "ಅವ್ನು ಹೋಗೇ ಇಲ್ಲ ಅಕ್ಕಾ. ಅನ್ನದ ಮೇಲೆ ಕೂತಿದಾನೆ."

ಮರುದಿನ ಬೆಳಿಗ್ಗೆ ಎದ್ದವಳು ಎಡಗಣ್ಣು ಮುಚ್ಚಿ ನನ್ನನ್ನೇ ದಿಟ್ಟಿಸಿದಳು. "ನಿನ್ ಮುಖದ್ ಮೇಲೂ ಕೂತಿದಾನೆ. ನಿನ್ ಮೂಗು ಕಾಣಲ್ಲ."

ಆಗಲಾದರೂ ಒಳಗೆ ಓಡಿ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ಯಾರಿಗೂ ಹೇಳ್ಬೇಡ. ಹೇಳಿದ್ರೆ ಹೋಗ್ಬಿಡ್ತಾನೆ." ಆ ಮಗು ನಾಲ್ಕು ದಿನ ಬಾಯಿ ಬಿಡಲಿಲ್ಲ. ದೇವರು ತನ್ನೊಬ್ಬಳ ಹತ್ತಿರ ಬಂದಿದ್ದಾನೆಂದು ಹೆಮ್ಮೆಯಿಂದ, ಅವನನ್ನು ಕಾಣಲು ಎಡಗಣ್ಣು ಮುಚ್ಚಿಕೊಂಡು, ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತಾ ಓಡಾಡಿದಳು. ಐದನೆಯ ದಿನ ಸ್ಲೇಟಿನ ಮೇಲೆ ಬರೆದ ಅಕ್ಷರದ ನಡುಭಾಗ ಬಲಗಣ್ಣಿಗೆ ಕಾಣುವುದಿಲ್ಲವೆಂದು ಅತ್ತಾಗ ಚಿಕ್ಕಮ್ಮನಿಗೆ ಗೊತ್ತಾಯಿತು.

ಶಿವಮೊಗ್ಗದ ಕಣ್ಣಿನ ಡಾಕ್ಟರು ನೋಡಿ, ಒಳಪರದೆ ಸುಟ್ಟಿದೆ, ಇದಕ್ಕೆ ಮದ್ದಿಲ್ಲ ಅಂದರು. ಸೂರ್ಯನನ್ನು ನೋಡು ಎಂದವರು ಯಾರು ಎಂದೂ ಕೇಳಿದರು. ಸುಧಾ ಮುಗ್ಧವಾಗಿ, "ಅಜ್ಜಿ ಕಥೇಲಿದೆ" ಅಂದಳು. ನಾನು ಹೇಳಿದ್ದು ಅಜ್ಜಿಯ ಗುಟ್ಟೇ ಎಂದು ಅವಳು ನಂಬಿದ್ದಳು.

ಮನೆಗೆ ಬಂದು ಚಿಕ್ಕಪ್ಪ ಚಪ್ಪಲಿಯನ್ನೂ ಬಿಚ್ಚಲಿಲ್ಲ. "ಏನಮ್ಮಾ ನೀನು! ಮಗು ತಲೆಗೆ ಏನೇನ್ ತುಂಬಿದೀಯ? ಹೆಣ್ ಮಗು ಅದು. ನಾಳೆ ಯಾರ್ ಮಾಡ್ಕೋತಾರೆ ಇದನ್ನ?"

ಅಜ್ಜಿ "ನಾನಾ?" ಅಂದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಒಂದು ಸಲ. ನಾನು ಅಳಲಿಲ್ಲ, ತಲೆ ತಗ್ಗಿಸಲಿಲ್ಲ, ಏನೂ ಗೊತ್ತಿಲ್ಲದವಳ ಹಾಗೆ ನೆಟ್ಟಗೆ ನೋಡಿದೆ. ಅಜ್ಜಿಗೆ ಅಷ್ಟು ಸಾಕಾಯಿತು — ಅಕ್ಷರ ತಿದ್ದಿಸುವುದಕ್ಕೂ ಮೊದಲು ನನಗೆ ಮಾತು ಕಲಿಸಿದವಳು ಅವಳು.

"ಹೇಳಿದ್ನೇನೋ ಕಣೋ," ಅಂದಳು. "ವಯಸ್ಸಾಯ್ತು. ಬಾಯಿಗ್ ಬಂದದ್ದು ಹೇಳಿರ್ತೀನಿ."

ಅವಳು ಆಮೇಲೆ ಯಾವ ಮಗುವಿಗೂ ಕಥೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಒಂಬತ್ತು ವರ್ಷ — ಇಬ್ಬರೇ ಇರುವ ಎಷ್ಟೋ ಮಧ್ಯಾಹ್ನಗಳು — ಅವಳು ಆ ಮಾತು ಎತ್ತಲಿಲ್ಲ; ನಾನು ಎತ್ತಲಿ ಎಂದು ಕಾಯುತ್ತಿದ್ದಳೋ ಏನೋ... ಸಾಯುವ ಮುಂಚೆ ಸುಧಾಳನ್ನು ನೋಡಬೇಕೆಂದಳು. ಹದಿನಾರರ ಸುಧಾ ಹೊಸ್ತಿಲವರೆಗೆ ಬಂದು, "ನಾನ್ ಬರಲ್ಲ. ನನ್ ಕಣ್ಣು ತಿಂದೋಳು ಅವ್ಳು" ಎಂದು ತಿರುಗಿ ಹೋದಳು. ಮಂಚದ ಪಕ್ಕದಲ್ಲಿ ತುಳಸಿನೀರು ಹಿಡಿದು ನಿಂತಿದ್ದವಳು ನಾನು. ಆ ಮಾತು ಅಜ್ಜಿಗೆ ಕೇಳಿಸಿತು. ನಾನು ಅಂದೂ ಬಾಯಿ ಬಿಡಲಿಲ್ಲ.

ಈಗ ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆಯ ಹತ್ತಿರದ ಗುಡಿಯಲ್ಲಿ ಶನಿವಾರ ಮಕ್ಕಳಿಗೆ ಕಥೆ ಹೇಳುವವಳು ನಾನೇ. ಅಜ್ಜಿಯ ದನಿ, ಅಜ್ಜಿಯ ಗಾದೆ, ಅಜ್ಜಿಯ ಹಾಗೆಯೇ ಮೂಗು ಎಳೆಯುವುದು. ಹನುಮಂತ ಲಂಕೆಗೆ ಹಾರುತ್ತಾನೆ, ಸಂಜೀವಿನಿ ತರುತ್ತಾನೆ. ಅವನ ಬಾಲ್ಯಕ್ಕೆ ಮಾತ್ರ ನಾನು ಹೋಗುವುದಿಲ್ಲ. ಯಾವುದಾದರೂ ಮಗು ನನ್ನ ಮಾತಿಗೆ ಕಣ್ಣರಳಿಸಿದಾಗ ನನಗೆ ಸಂತೋಷವಾಗುವುದಿಲ್ಲ, ಭಯವಾಗುತ್ತದೆ.

ಹೋದ ತಿಂಗಳು ಸುಧಾ ಫೋನ್ ಮಾಡಿದಳು. "ಅಕ್ಕಾ, ನನ್ ಮೊಮ್ಮಗಳಿಗೆ ರಜ. ಬರೀ ಮೊಬೈಲು. ಒಂದ್ ತಿಂಗಳು ನಿನ್ ಹತ್ರ ಇಟ್ಕೊಂಡು ಕಥೆ ಹೇಳ್ತೀಯಾ? ನಿನ್ನನ್ ಬಿಟ್ರೆ ಇನ್ಯಾರನ್ನೂ ನಂಬಲ್ಲ ಮಾರಾಯ್ತಿ ನಾನು."

ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಕೂತು ಇದನ್ನು ಬರೆಯತೊಡಗಿದೆ. ಹನ್ನೊಂದು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ತಿಳಿದಿತ್ತು. ಇಪ್ಪತ್ತರಲ್ಲಿ, ತುಳಸಿನೀರು ಹಿಡಿದಾಗ, ಇನ್ನೂ ಚೆನ್ನಾಗಿ ತಿಳಿದಿತ್ತು.

ಭಾನುವಾರ ಭದ್ರಾವತಿಗೆ, ಸುಧಾಳ ಮನೆಗೆ ಹೋದೆ. ಮಗುವಿನ ಬ್ಯಾಗು ತಯಾರಾಗಿ ಬಾಗಿಲ ಪಕ್ಕದಲ್ಲಿತ್ತು. ಮಗುವನ್ನು ಅಂಗಳದಲ್ಲಿ ಆಡಲು ಕಳಿಸಿ, ಈ ಹಾಳೆಗಳನ್ನು ಸುಧಾಳಿಗೆ ಓದಿ ಹೇಳಿದೆ. ಓದುವಷ್ಟು ಹೊತ್ತೂ ಅವಳು ಎಂದಿನಂತೆ ಮುಖವನ್ನು ಸ್ವಲ್ಪ ಓರೆ ಮಾಡಿ, ಎಡಗಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು.

"ಅಜ್ಜಿಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

ಅವಳು ಎದ್ದಳು. ಮಗುವನ್ನು ಕರೆದು ಒಳಗೆ ಕಳಿಸಿದಳು. ಬ್ಯಾಗನ್ನು ಎತ್ತಿಕೊಂಡು ತಾನೂ ಒಳಗೆ ಹೋದಳು. ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಸ್ ಸ್ಟ್ಯಾಂಡಿಗೆ ಬಂದು, ಶಿವಮೊಗ್ಗದ ಬಸ್ಸಿಗೆ ಒಬ್ಬಳೇ ಹತ್ತಿದೆ.