ತೆರೆಗೆ ಹೋದವಳು

ನಮ್ಮ ಕಾಫಿ ಉಗ್ರಾಣದಲ್ಲಿ, ಗೋಣಿಚೀಲಗಳ ಅಟ್ಟಿಗೂ ಕಳೆ ಹೊಡೆಯುವ ಯಂತ್ರಕ್ಕೂ ನಡುವೆ, ಆಳೆತ್ತರದ ನೀಲಿ ಹಲಗೆಯೊಂದು ಗೋಡೆಗೆ ಒರಗಿ ನಿಂತಿದೆ. ಪಿಕ್ಕಿಂಗಿಗೆ ಹೊಸದಾಗಿ ಬಂದ ಹೆಂಗಸರು ಅದನ್ನು ಇಸ್ತ್ರಿ ಹಲಗೆ ಎಂದುಕೊಳ್ಳುತ್ತಾರೆ. ಇಷ್ಟುದ್ದದ ಹಲಗೆ ಬೇಕಾದರೆ ಈ ಮನೆಯವರ ಬಟ್ಟೆಬರೆ ಎಷ್ಟಿರಬಹುದು ಎಂದು ಬೆರಗೂ ಪಡುತ್ತಾರೆ. ಅದು ಕಡಲ ಅಲೆಯ ಮೇಲೆ ನಿಂತು ಸಾಗುವ ಸರ್ಫ್ ಬೋರ್ಡು. ನಮ್ಮೂರು ಗಾಳಿಬೀಡಿನಲ್ಲಿ ಗಾಳಿಗೆ ಬರವಿಲ್ಲ, ನೀರಿಗೂ ಬರವಿಲ್ಲ, ಇಲ್ಲದ್ದು ಕಡಲೊಂದೇ. ನನಗೆ ಬೇಕಾಗಿರುವುದೂ ಅದೊಂದೇ.

ನಾನು ಬೆಟ್ಟಗಳ ಚಿತ್ರ ಬರೆದು ಬದುಕುವವಳು. ಕಕ್ಕಬೆಯಿಂದ ಈಚೆಗಿನ ಎಷ್ಟೋ ಹೋಮ್‌ಸ್ಟೇಗಳ ಗೋಡೆಯ ಮೇಲೆ ನನ್ನ ಬೆಟ್ಟಗಳಿವೆ. ಕಿಟಕಿ ತೆಗೆದರೆ ನಿಜವಾದ ಬೆಟ್ಟವೇ ಕಾಣುವ ಕೋಣೆಗೆ ಬೆಟ್ಟದ ಚಿತ್ರ ಯಾಕೆ ಎಂದು ನೀವು ಕೇಳಬಹುದು. ಮಂಜು ಕವಿದ ದಿನ ಬಂದ ಅತಿಥಿಗೆ ತೋರಿಸಲು ಏನಾದರೂ ಬೇಕಲ್ಲ. ಇಂಥದೇ ಕೆಲಸಕ್ಕೆಂದು, ಮೂವತ್ತೆಂಟರ ವಯಸ್ಸಿನಲ್ಲಿ, ಮಂಗಳೂರಿನಾಚೆಯ ಕಡಲ ದಂಡೆಯ ಒಂದು ವಸತಿಗೃಹಕ್ಕೆ ಗೋಡೆ ಚಿತ್ರ ಬರೆಯಲು ಹೋದವಳು, ಸಂಜೆ ಹೊತ್ತು ಅಲೆ ಏರುವವರನ್ನು ನೋಡುತ್ತ ನಿಂತುಬಿಟ್ಟೆ. ಅಲ್ಲಿ ಹಲಗೆಯಾಟ ಕಲಿಸುತ್ತಿದ್ದ ಉದಯಣ್ಣ, "ಮೇಡಂ, ಘಟ್ಟದ ಮೇಲಿನವರಿಗೆ ಬೀಳ್ಲಿಕ್ಕೆ ಹೆದರಿಕೆ. ಇಲ್ಲಿ ಬಿದ್ರೆ ಎಂತ ಆಗ್ತದೆ, ನೀರೇ ಅಲ್ವಾ?" ಎಂದರು. ಬಿದ್ದೆ. ಮೂಗು, ಬಾಯಿ, ಕಿವಿ ಎಲ್ಲ ಕಡೆಯಿಂದ ಉಪ್ಪುನೀರು ಕುಡಿದು, ಮಾರನೆಯ ದಿನವೂ ಹೋಗಿ ಬಿದ್ದೆ.

ಹಲಗೆಯ ಮೇಲೆ ನಿಲ್ಲಲು ಬಂದ ಮೇಲೆ ತಿಳಿದದ್ದು ಒಂದಿದೆ. ಅಲೆ ಏರಿದವಳಿಗೆ ಕಡಲು ಕಾಣುವುದಿಲ್ಲ, ಅದು ಬೆನ್ನ ಹಿಂದೆ ಇರುತ್ತದೆ. ಮುಖ ನೆಲದ ಕಡೆಗೆ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಬೆಳಗುಗಳಲ್ಲಿ, ತೆಂಗಿನ ತೋಟಗಳ ತಲೆಯ ಮೇಲೆ, ಬಲು ದೂರದಲ್ಲಿ ಘಟ್ಟದ ನೀಲಿ ಗೆರೆ ಕಾಣುತ್ತದೆ. ಬೆಟ್ಟದಲ್ಲೇ ಹುಟ್ಟಿ, ಬೆಟ್ಟದಲ್ಲೇ ಬೆಳೆದು, ಬೆಟ್ಟವನ್ನೇ ಬರೆಯುತ್ತಿದ್ದ ನಾನು ಬೆಟ್ಟವನ್ನು ಮೊದಲ ಸಲ ಇಡಿಯಾಗಿ ಕಂಡದ್ದು ನೀರಿನ ಮೇಲೆ ಓಡುತ್ತ. ಅಂದಿನಿಂದ ನಾನು ಬರೆದ ಬೆಟ್ಟಗಳೆಲ್ಲ ಅಲ್ಲಿಂದ ಕಂಡವೇ. ಚಿತ್ರ ನೋಡಿದವರು ಇದು ಯಾವ ವ್ಯೂ ಪಾಯಿಂಟು, ಜೀಪು ಹೋಗುತ್ತದೆಯೇ ಎಂದು ಕೇಳುತ್ತಾರೆ. ಜೀಪು ಹೋಗುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ವಿಚಿತ್ರವೆಂದರೆ, ಅಲ್ಲಿರುವಷ್ಟು ಹೊತ್ತು ಮನೆಯ ಬೆಟ್ಟಕ್ಕಾಗಿ ಜೀವ ಎಳೆಯುತ್ತದೆ, ಸಂಪಾಜೆ ಘಾಟಿ ಹತ್ತುವಾಗಲೇ ಕಡಲಿಗಾಗಿ ಎಳೆಯಲು ಶುರುವಾಗುತ್ತದೆ. ಅಲ್ಲಿಯವರು "ಮೇಲಿಂದ ಯಾವಾಗ ಬಂದ್ರಿ?" ಎನ್ನುತ್ತಾರೆ, ಇಲ್ಲಿಯವರು ಕೆಳಗಿಂದ ಯಾವಾಗ ಬಂದದ್ದು ಎನ್ನುತ್ತಾರೆ. ಎಲ್ಲಿದ್ದರೂ ನಾನು ಇನ್ನೆಲ್ಲಿಂದಲೋ ಬಂದವಳೇ.

ನನ್ನ ಅತ್ತೆಗೆ ಮಾತ್ರ ಇದಾವುದೂ ವಿಚಿತ್ರವಾಗಿ ಕಂಡಿರಲಿಲ್ಲ. ಅಲೆ ಎನ್ನುವುದಕ್ಕಿಂತ ತೆರೆ ಎನ್ನುವುದೇ ನನಗೆ ಇಷ್ಟ. ಆ ಮಾತಿನಲ್ಲಿ ಬಾಗಿಲು ತೆರೆಯುವುದೂ ಇದೆ, ಪರದೆ ಸರಿಯುವುದೂ ಇದೆ. ಹಾಗಾಗಿ ಹೊರಡುವಾಗಲೆಲ್ಲ "ತೆರೆಗೆ ಹೋಗಿ ಬರ್ತೇನೆ ಅತ್ತೆ" ಎಂದೇ ಹೇಳುತ್ತಿದ್ದೆ. ಅವರು ಅರಿಸಿನ ಹಚ್ಚಿದ ತೆಂಗಿನಕಾಯಿಯೊಂದನ್ನು ಚೀಲಕ್ಕೆ ಹಾಕಿ, "ನನ್ನ ಹೆಸ್ರ್‌ಲಿ ಒಪ್ಪಿಸ್" ಎನ್ನುತ್ತಿದ್ದರು. ಸಮುದ್ರಕ್ಕೆ ಕಾಯಿ ಒಪ್ಪಿಸುವುದು ಅಲ್ಲಿನ ಮೀನುಗಾರರಲ್ಲೂ ಇರುವುದರಿಂದ, ಅತ್ತೆಯ ಭಕ್ತಿಗೆ ಮೆಚ್ಚಿ ನಾನೂ ಕಾಯಿಯನ್ನು ನೀರಿಗೆ ಬಿಡುತ್ತಿದ್ದೆ. ಆದರೆ ನಮ್ಮ ಕೊಡಗಿನಲ್ಲಿ ತೆರೆ ಎಂದರೆ ದೈವದ ವೇಷ ಕಟ್ಟಿ ಕುಣಿಯುವ ಹಬ್ಬ. ಸೊಸೆ ಘಟ್ಟದ ಕೆಳಗಿನ ಯಾವುದೋ ಮಹಿಮೆಯುಳ್ಳ, ಕಾರಣಿಕದ ದೈವಕ್ಕೆ ನಡೆದುಕೊಳ್ಳುತ್ತಾಳೆ ಎಂದು ಅವರು ನಂಬಿ, ಊರೆಲ್ಲ ಹೇಳಿಕೊಂಡು ಬಂದಿದ್ದರು. ಮೈಯೆಲ್ಲ ಬಿಸಿಲಿಗೆ ಕಪ್ಪಾಗಿ ಬರುತ್ತಿದ್ದುದಕ್ಕೂ ಅವರಲ್ಲಿ ವಿವರಣೆಯಿತ್ತು: ಬರಿಗಾಲಿನ ಹರಕೆ ಇರಬೇಕು.

ಈ ತಪ್ಪು ತಿಳುವಳಿಕೆ ಬಯಲಾದದ್ದು ಭುಜದಿಂದ. ಹೋದ ಬೇಸಿಗೆಯಲ್ಲಿ ಬಲಗೈ ಕಿವಿಯ ಮಟ್ಟಕ್ಕೆ ಏಳದಾಯಿತು. ಹಲಗೆಯ ಮೇಲೆ ಬೋರಲು ಮಲಗಿ ನೀರು ಸೀಳುತ್ತ ಹೋಗುವುದೂ ಇದೇ ಕೈಯಿಂದ, ಗೋಡೆಯೆತ್ತರಕ್ಕೆ ಕುಂಚ ಎಳೆಯುವುದೂ ಇದೇ ಕೈಯಿಂದ. ಮಡಿಕೇರಿಯ ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಎರಡಕ್ಕೂ ಆಗುವಷ್ಟು ಈ ಭುಜದಲ್ಲಿ ಉಳಿದಿಲ್ಲ. ಯಾವುದು ಬೇಕು, ನೀವೇ ಹೇಳಿ" ಎಂದರು. ಹೊಟ್ಟೆಪಾಡಿನ ಹೆಸರು ಹೇಳಿದೆ. ಕುಂಚ ಎಂದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಕಡಲು ಬಿಟ್ಟ ಮೇಲೆ ಬರೆಯುವ ಬೆಟ್ಟವನ್ನು ಎಲ್ಲಿ ನಿಂತು ನೋಡಲಿ?

ಮನೆಗೆ ಬಂದು ಇನ್ನು ತೆರೆಗೆ ಹೋಗುವಂತಿಲ್ಲ ಎಂದಾಗ ಅತ್ತೆ ಹೌಹಾರಿದರು. "ಹಂಗೆ ಹೇಳ್ಬೇಡ. ಕೈ ನೋವುಟ್ಟು ಹೇಳಿ ದೈವಕ್ಕೆ ತಪ್ಪಿಸುದಾ? ಈ ಸಲ ನೀ ಹೋಕು. ಕೈ ಸರಿ ಮಾಡ್ದು ಅದೇ." ಹೋಗಲೇಬೇಕು ಎಂದು ಪಟ್ಟು ಹಿಡಿದರು.

"ಯಾವ ದೈವ ಅತ್ತೆ? ಅದ್ ಸಮುದ್ರದ ತೆರೆ. ನೀರ್‌ದ್."

ಉಗ್ರಾಣದ ಹಲಗೆಯನ್ನು ತೋರಿಸಿ, ಕೈಕಾಲು ಆಡಿಸಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಇಷ್ಟು ಕಾಲ ಕೊಟ್ಟ ಕಾಯಿಗಳ ಗತಿ ನೆನೆದು ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಅತ್ತೆ, ತೆರೆ ಕಟ್ಟುವವನಿಗೂ ಒಂದು ದಿನ ಮೈಯಲ್ಲಿ ಕಸುವು ಇಲ್ಲದಾಗುತ್ತದೆ ಎಂದರು. ಆಮೇಲೆ ಅವನು ಬೇರೆಯವನು ಕಟ್ಟಿದ್ದನ್ನು ಎದುರು ನಿಂತು ಕೈ ಮುಗಿದು ನೋಡುತ್ತಾನೆ, ನೀನೂ ಹಾಗೆ ಒಮ್ಮೆ ಹೋಗಿ ನೋಡಿ ಬಾ ಎಂಬುದು ಅವರ ಮಾತು. ಬುದ್ಧಿಗೆ ಒಪ್ಪುವ ಮಾತೇ. ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ನೀವೂ ಬನ್ನಿ ಎಂದೆ.

ಎಪ್ಪತ್ತು ದಾಟಿದ ಅತ್ತೆ ಹೀಗೆ ಮೊದಲ ಬಾರಿಗೆ ಕಡಲು ಕಂಡರು. ಮಳೆ ಬಿಟ್ಟ ಹೊಸತು. ಪೂರ್ವಕ್ಕೆ ಘಟ್ಟದ ಗೆರೆ ಕಾಣುವ ಬೆಳಗು. ಪಾದ ಮುಳುಗುವಷ್ಟು ನೀರಿನಲ್ಲಿ ನಾವಿಬ್ಬರೂ ನಿಂತೆವು. ದೂರದಲ್ಲಿ ಒಂದು ತೆರೆ ಎದ್ದಿತು, ಎಡದಿಂದ ಒಡೆಯುತ್ತ ಬಲಕ್ಕೆ ಹಾಸುತ್ತ ಬರುವಂಥದು, ನಾನು ಎಂದೂ ಬಿಡದಿದ್ದ ಜಾತಿಯದು. ಅದರ ಮೇಲೆ ಯಾರೂ ಇರಲಿಲ್ಲ. ಅದು ತನ್ನ ಪಾಡಿಗೆ ಬಂದು ಒಡೆದು ಹೋಯಿತು. ಕೈ ಮುಗಿಯಬೇಕೆಂಬುದು ನೆನಪಿತ್ತು, ಆಗಲಿಲ್ಲ. ಅಂಥವೇ ಇನ್ನೂ ಒಂದಷ್ಟು ಬಂದವು.

ಅತ್ತೆಯೂ ಕೈ ಮುಗಿಯಲಿಲ್ಲ. ಸೀರೆಯ ನೆರಿಗೆ ನೆನೆಯುತ್ತಿದ್ದುದರ ಪರಿವೆಯಿಲ್ಲದೆ ಬಹಳ ಹೊತ್ತು ನೋಡಿದರು. ಆಮೇಲೆ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು:

"ಇದರ ಬಿಟ್ಟ್ ನೀ ಇಷ್ಟ್ ವರ್ಷ ನಮ್ಮೊಟ್ಟಿಗೆ ಹೆಂಗೆ ಇದ್ದ?"