ಕ್ವಾರಿ ನೀರಿಗೆ ಯಾವ ಬಣ್ಣ

ಆಗ ನನಗೆ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ನಾಗಸಂದ್ರದಾಚೆ ಕಲ್ಲು ಒಡೆಯುವುದನ್ನು ನಿಲ್ಲಿಸಿದ ಒಂದು ಕ್ವಾರಿ ಇದೆ. ನೀರು ತುಂಬಿ ಕೆರೆಯ ಹಾಗೆ ಕಾಣುತ್ತದೆ. ಕೆರೆಯಲ್ಲ. ಕೆರೆಗೆ ದಡ ಇರುತ್ತದೆ, ಇಳಿದರೆ ಮೊದಲು ಮೊಣಕಾಲು ಮುಳುಗುತ್ತದೆ, ಆಮೇಲೆ ಸೊಂಟ. ಇಲ್ಲಿ ಕಲ್ಲು ಮುಗಿದಲ್ಲೇ ಆಳ. ತಳ ನೋಡಿದವರು ಯಾರೂ ಇಲ್ಲ. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಭಾನುವಾರ ಅಣ್ಣನ ಜೊತೆ ಹೋಗುತ್ತಿದ್ದೆ. ಅತ್ತಿಗೆ ಸತ್ತ ಮೇಲೆ ಅವನಿಗೆ ಮೀನಿನ ಹುಚ್ಚು ಹತ್ತಿತ್ತು. ಒಬ್ಬನನ್ನೇ ಬಿಡಲು ಮನಸ್ಸಾಗುತ್ತಿರಲಿಲ್ಲ.

ಅಣ್ಣ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಪೇಂಟ್ ಹೊಡೆಯುತ್ತಿದ್ದವನು. ಎರೆಹುಳು ಚುಚ್ಚುವ ಜಾತಿಯಲ್ಲ. ಮರದ ತುಂಡನ್ನು ಮೀನಿನ ಹಾಗೆ ಕೆತ್ತಿ, ಹೊಟ್ಟೆಗೆ ಸೀಸ ತುಂಬಿ, ಕೊಕ್ಕೆ ಸಿಕ್ಕಿಸಿ, ತಾನೇ ಬಣ್ಣ ಹೊಡೆದಿಟ್ಟಿದ್ದ. ಆ ಸುಳ್ಳು ಮೀನನ್ನು ಆಳಕ್ಕೆ ಬಿಟ್ಟು ಎಳೆದರೆ, ಬೇರೆ ಮೀನು ನುಂಗುವ ಬಾಳೆ ಮೀನು ಬಂದು ಕಚ್ಚುತ್ತದೆ. ಯಾವ ನೀರಿಗೆ ಯಾವ ಬಣ್ಣ ಎನ್ನುವುದೇ ಅವನ ವಿದ್ಯೆ. ಕೆಂಪು ಮೇಲಿದ್ದಾಗಷ್ಟೇ ಕೆಂಪು, ಆಳಕ್ಕೆ ಇಳಿದರೆ ಕಪ್ಪಾಗುತ್ತದೆ ಎನ್ನುತ್ತಿದ್ದ. ನೀರು ಕಲಕಿದ್ದರೆ ಹಳದಿ. ತಿಳಿಯಾಗಿದ್ದು ಬಿಸಿಲಿದ್ದರೆ ಬೆಳ್ಳಿ. ಮೋಡವಿದ್ದರೆ ಹಸಿರು. ಡಬ್ಬಿ ನನ್ನ ಮಡಿಲಲ್ಲಿ. ಅವನು ಹೇಳಿದ್ದನ್ನು ಎತ್ತಿ ಕೊಡುವುದು ನನ್ನ ಕೆಲಸ.

ಆ ದಿನ ಮಳೆ ಬಂದು ನೀರು ಕಲಕಿತ್ತು. ಹಳದಿ ಕೊಡು ಎಂದ. ನಾನು ಯಾವುದೋ ಧ್ಯಾನದಲ್ಲಿ ಕೆಂಪು ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ದಾರಕ್ಕೆ ಕಟ್ಟಿದ.

"ಅಣ್ಣಯ್ಯ, ಅದ್ಯಾವ ಬಣ್ಣ?"

"ಅಳದಿ ಕಣೇ. ನಿಂಗೇನು ಕಣ್ಣು ಓಯ್ತಾ?"

ತಮಾಷೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಸಿರು ಕೊಡು ಎಂದ. ಬೇಕೆಂದೇ ಇನ್ನೊಂದು ಕೆಂಪು ಕೊಟ್ಟೆ. ಅದನ್ನೂ ಕಟ್ಟಿದ.

ಆಗ ಹೊಳೆಯಿತು. ಅವನು ಕಲ್ಲಿನ ತುದಿಗೆ ಹೋಗುವ ಮುಂಚೆ ಕಾಲಲ್ಲಿ ಒಂದು ಕಲ್ಲುಚೂರು ಒದೆಯುತ್ತಿದ್ದ. ಅದು ಬುಳುಕ್ ಎಂದ ಮೇಲೆ ನಿಲ್ಲುತ್ತಿದ್ದ. ಎಷ್ಟೋ ವಾರದಿಂದ ನೋಡಿ, ಮುದುಕನ ಆಟ ಎಂದು ಬಿಟ್ಟಿದ್ದೆ. ಆಟವಲ್ಲ. ತುದಿ ಎಲ್ಲಿದೆ ಎಂದು ಕಿವಿಯಿಂದ ನೋಡುತ್ತಿದ್ದ.

ಕೂಗಿದರೆ ತಿರುಗುತ್ತಾನೆ, ತಿರುಗಿದರೆ ಪಾಚಿಯಲ್ಲಿ ಜಾರುತ್ತಾನೆ. ನನಗೂ ಈಜು ಬರದು. ಡಬ್ಬಿ ಇಟ್ಟು ಕೂತಲ್ಲಿಂದಲೇ ತೆವಳಿದೆ. ಅಷ್ಟರಲ್ಲಿ ಮೀನು ಕಚ್ಚಿತು. ಗಾಳದ ಕೋಲು ಬಾಗಿತು, ಅವನು ನೀರಿನ ಕಡೆಗೆ ಒಂದು ಕಾಲು ಎತ್ತಿದ. ಬೆಲ್ಟು ಹಿಡಿದು ಹಿಂದಕ್ಕೆ ಬಿದ್ದೆ. ಅವನೂ ನನ್ನ ಮೇಲೆ ಬಿದ್ದ. ಕೋಲು ನೀರಿಗೆ ಹೋಯಿತು.

"ಬಿಡೇ ಮುಂಡೇದೆ, ಮೀನು ಓಯ್ತದೆ!"

"ಮೀನು ಆಳಾಗೋಗ್ಲಿ. ನೀನು ಬಿದ್ರೆ ಯಾವ ಬಣ್ಣ ಕಟ್ಟಿ ಎತ್ಲಿ?"

ಕಣ್ಣು ಯಾವಾಗಿಂದ ಹೀಗೆ ಎಂದು ಕೇಳಿದೆ.

"ಯುಗಾದಿ ಮುಂಚಿಂದ. ಎಲ್ಲಾ ಆಲು ಸುರಿದಂಗದೆ. ಮನೇಲಿ ಯೋಳ್ಬ್ಯಾಡ ಕಣವ್ವ. ಆಪರೇಸನ್ ಅಂತಾರೆ. ನಮ್ ಕಾರ್ಖಾನೆ ಪೇಂಟ್ ಶಾಪ್‌ನೋನೊಬ್ಬ ಅಂಗೇ ಮಾಡಿಸ್ಕೊಂಡು ಇದ್ದಿದ್ದೂ ಕಳ್ಕೊಂಡ. ನನ್ ತಲೆ ಮುಟ್ಟಿ ಆಣೆ ಇಡು."

ಇಟ್ಟೆ. ಅಲ್ಲಿಂದ ಅವನನ್ನು ಎಬ್ಬಿಸಿಕೊಂಡು ಬಂದರೆ ಸಾಕಾಗಿತ್ತು ನನಗೆ. ಮನೆ ತನಕ ಅವನ ಅಂಗಿಯ ತುದಿ ಬಿಡಲಿಲ್ಲ.

ತಲೆ ಮುಟ್ಟಿ ಇಟ್ಟ ಆಣೆ ಮುರಿದರೆ ಆ ತಲೆಗೇ ಕೇಡು ಎಂದು ನಂಬಿ ಬೆಳೆದವಳು ನಾನು. ಮುರಿಯದಿದ್ದರೆ ಅವನು ಇನ್ನೊಂದು ಕೋಲು ಮಾಡಿಕೊಂಡು, ನನಗೆ ತಿಳಿಸದೆ ಒಬ್ಬನೇ ಹೋಗುತ್ತಾನೆ. ಯಾವ ಕಡೆ ತಿರುಗಿದರೂ ಅವನ ಸಾವೇ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಅವನ ಮನೆಗೆ ಹೋದೆ. ಸೊಸೆ ಬಾಗಿಲಿಗೆ ನೀರು ಹಾಕುತ್ತಿದ್ದಳು. "ನಿಮ್ಮಾವಂಗೆ ಕಣ್ಣು ಕಾಣಾಕಿಲ್ಲ ಕಣವ್ವ" ಎಂದು, ಒಳಗಿದ್ದ ಅವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ.