ಗೋದಾವರಿ ಪಾಲಾದ ಕೀಲಿಕೈ

ನೂಲಹುಣ್ಣಿಮೆಯಂದು ರಾಮಕುಂಡದಲ್ಲಿ ಹಳೆ ಜನಿವಾರವನ್ನು ಗೋದಾವರಿಗೆ ಬಿಟ್ಟ ಯತಿರಾಜ್ ಉಪಾಧ್ಯರು, ಅದಕ್ಕೆ ಕಟ್ಟಿದ್ದ ಪೆನ್‌ಡ್ರೈವ್ ನೆನಪಾಗಿ ಮತ್ತೆ ನಾಲ್ಕು ಮುಳುಗು ಹಾಕಿದರು. ದಂಡೆಯಲ್ಲಿದ್ದವರು 'ಎಂಥ ಭಕ್ತಿಯಪ್ಪಾ!' ಎಂದು ಕೈಮುಗಿದರು. ನಾಸಿಕದಲ್ಲಿ ಅಪ್ಪನ ಕಾಲದ ಹೋಟೆಲು ನಡೆಸುವ ಉಪಾಧ್ಯರು ಉಪ್ಪಿನಕಾಯಿ ಭರಣಿಗೂ ಬೀಗ ಹಾಕುವವರು. ಮನೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೂ ಗುಪ್ತಲಿಪಿಯ ಬೀಗ ಬೇಕೆಂದಾಗ ಕಂಪ್ಯೂಟರ್ ಅಂಗಡಿಯವನು, 'ಕಾಕಾ, ಇದು ಹಳೇ ಮಷೀನು, ಅದಕ್ಕೆ ಬೇಕಾದ ಚಿಪ್ಪೇ ಇಲ್ಲ. ಪ್ರತಿಸಲ ಪೆನ್‌ಡ್ರೈವ್ ಚುಚ್ಚಿದರೇನೇ ತೆರೆಯೋದು' ಎಂದಿದ್ದ. 'ಚಿಪ್ಪು ಬೇಕಾದರೆ ನಮ್ಮ ಅಡುಗೆಮನೆಯಲ್ಲಿ ರಾಶಿ ಉಂಟು' ಎಂದು ನಕ್ಕ ಉಪಾಧ್ಯರು, ನಕಲು ಕೀಲಿಯೂ ಬೇಡವೆಂದು, ಇದ್ದೊಂದು ಪೆನ್‌ಡ್ರೈವನ್ನು ಜನಿವಾರಕ್ಕೆ ಬಿಗಿದುಕೊಂಡರು. ಅದನ್ನು ಚುಚ್ಚಿ ಕುಳಿತರೆ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಕಾಣುತ್ತಿದ್ದರು. ಕಂಪ್ಯೂಟರಿನ ಒಳಗಿರುವುದು ಅವರ ತಾಯಿಯ ಸಾಂಬಾರುಪುಡಿಯ ಅಳತೆಯೆಂದು ಗಿರಾಕಿಗಳೆಲ್ಲ ನಂಬಿದ್ದರು. ಇಪ್ಪತ್ತು ವರ್ಷ ಕೇಳಿದರೂ ಹೆಂಡತಿ ಚಂಪಾಳಿಗೆ ಅದು ಸಿಕ್ಕಿರಲಿಲ್ಲ. ಇಂದು ಅವರು ಒದ್ದೆ ಪಂಚೆಯಲ್ಲಿ ಮನೆಗೆ ಬಂದು ಸಂಗತಿ ಹೇಳಿದಾಗ ಅವಳು, 'ಪುಡಿ ಡಬ್ಬಿಯ ತಳ ಕಾಣ್ತಾ ಉಂಟು. ಇನ್ನಾದರೂ ಹೇಳಿ, ಅತ್ತೆಯ ಅಳತೆ ಎಂತದು?' ಎಂದಳು. ಉಪಾಧ್ಯರು ಹೊಸ ಜನಿವಾರ ತಿರುವುತ್ತ ತಗ್ಗಿದ ದನಿಯಲ್ಲಿ ಹೇಳಿದರು: 'ಅಳತೆಯೂ ಇಲ್ಲ, ಗಿಳತೆಯೂ ಇಲ್ಲ ಮಾರಾಯ್ತಿ. ಅದರಲ್ಲಿದ್ದದ್ದು ವೈಜಾಪುರದ ಮಸಾಲೆ ಅಂಗಡಿಯವನ ಫೋನ್ ನಂಬರು. ಅಮ್ಮನೂ ಅಲ್ಲಿಂದಲೇ ತರಿಸುತ್ತಿದ್ದದ್ದು.'